ಪದಚರ್ಚೆ: ಸೂಜಿ ಚುಚ್ಚುವವರು ‘ನುರಿತ’ರೋ, ‘ಅರ್ಹ’ರೋ?

ಗೆಳೆಯರೇ,

ನಮ್ಮ ವಿರಾಜಪೇಟೆ ಕಡೆಯ ಮಹಿಳಾ ಸಂಘದವರು ಒಂದು ಕರಪತ್ರ ಬರೆದುಕೊಡಿ ಎಂದಿದ್ದಾರೆ. ಅಕ್ಯುಪಂಕ್ಚರ್ ಮಾಡಿಸಿಕೊಳ್ಳುವುದಾದರೆ ಎಂಥವರ ಬಳಿ ಹೋಗಬೇಕು ಅನ್ನುವುದು ವಿಷಯ. ಕಾಫಿ ಕೊಯ್ದು ಕೊಯ್ದು ಭುಜ, ಸೊಂಟ ಹಿಡಿದವರು ಇಲ್ಲಿ ಕಡಿಮೆಯೇನಿಲ್ಲ. ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ.

ಹೆಸರು ಕೇಳಿದ ತಕ್ಷಣ ನಮ್ಮತ್ತೆ, “ಪಂಚರ್ ಹಾಕುವವನ ಹತ್ರ ನಂಗೇನು ಕೆಲಸ?” ಅಂದರು. ನಮ್ಮಲ್ಲಿ ಪಂಚರ್ ಹಾಕುವುದು ಅಂದರೆ ತೂತು ಮುಚ್ಚುವುದು, ಇಲ್ಲಿ ನೋಡಿದರೆ ಉಲ್ಟಾ! ಲ್ಯಾಟಿನ್‌ನಲ್ಲಿ ‘ಆಕುಸ್’ ಅಂದರೆ ಸೂಜಿ, ‘ಪಂಕ್ಟೂರ’ ಅಂದರೆ ಚುಚ್ಚುವುದು. ಡಚ್ ವೈದ್ಯ ವಿಲ್ಲೆಮ್ ಟೆನ್ ರೈನೆ 1683ರ ತನ್ನ ಪುಸ್ತಕದಲ್ಲಿ ಬಳಸಿದ ಪದ ಇದು. ‘ಚುಚ್ಚು ಚಿಕಿತ್ಸೆ’ ಅಂದರೆ ಜನ ಚುಚ್ಚುಮದ್ದು ಅಂದುಕೊಳ್ಳುತ್ತಾರೆ. ಇಲ್ಲಿ ಮದ್ದೇ ಇಲ್ಲ, ಬರೀ ಸೂಜಿ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಉಣ್ಣುವ ಊರಿನಲ್ಲಿ ‘ಮದ್ದು’ ಅನ್ನು ಸುಮ್ನೆ ಎಳೆದು ತರಬಾರದು. ಅದಕ್ಕೇ ‘ಸೂಜಿ ಚಿಕಿತ್ಸೆ’ ಅಂತ ಹಾಕಿದೆ. ಅಕ್ಯುಪ್ರೆಶರ್ ಬೇರೆ, ಅದು ಬೆರಳಲ್ಲಿ ಒತ್ತುವುದು.

ನಿಜವಾದ ತೊಡಕು ‘ಕ್ವಾಲಿಫೈಡ್’ ಅನ್ನುವುದಕ್ಕೆ. ಬೋರ್ಡುಗಳಲ್ಲಿ ‘ನುರಿತ’ ಅಂತ ಇರುತ್ತದೆ. ‘ಚೆನ್ನಾಗಿ ನುರಿಸಿ ತಿನ್ನು’ ಅನ್ನುತ್ತೇವಲ್ಲ, ಆ ನುರಿಯೇ ಇದು ಅಲ್ವಾ? ಅರೆದು ಅರೆದು ಹದಕ್ಕೆ ಬಂದದ್ದು. ಚಂದದ ಪದ. ಆದರೆ ಒಂದೇ ತಪ್ಪನ್ನು ಇಪ್ಪತ್ತು ವರ್ಷ ಮಾಡಿದವನೂ ನುರಿತವನೇ! ಎಲ್ಲಿ ಕಲಿತೆ ಎಂದು ಈ ಪದ ಕೇಳುವುದೇ ಇಲ್ಲ. ‘ಅರ್ಹ’ ಅಂದರೆ ‘ಪಿಂಚಣಿಗೆ ಅರ್ಹ’ ಅಂದ ಹಾಗೆ, ಏನನ್ನೋ ಪಡೆಯಲು ತಕ್ಕವನು. ‘ತಜ್ಞ’ ಅನ್ನುವುದಂತೂ ಬೋರ್ಡು ಬರೆಯುವವನ ಔದಾರ್ಯ.

ಹೋದ ವರ್ಷ ನಾನೇ ಒಬ್ಬ ‘ನುರಿತ’ರ ಬಳಿ ಹೋಗಿದ್ದೆ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಸರ್ಟಿಫಿಕೇಟ್. ಹತ್ತಿರ ಹೋಗಿ ಓದಿದರೆ ಎರಡು ದಿನದ ಶಿಬಿರದ್ದು. ಸೂಜಿಗಳು ಪೊಟ್ಟಣದಲ್ಲಿ ಇರಲಿಲ್ಲ, ತಟ್ಟೆಯಲ್ಲಿದ್ದವು. ಎದ್ದು ಬಂದೆ.

ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರ್ ಅನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಒಪ್ಪಿದೆ. ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಪದವಿಯ ಐದೂವರೆ ವರ್ಷದ ಓದಿನಲ್ಲೂ ಇದರ ಪಾಠವಿದೆ. ಮೈಸೂರು, ಉಜಿರೆ ಎರಡೂ ಕಡೆ ಆ ಕಾಲೇಜುಗಳಿವೆ. ಹಾಗಾಗಿ ಕರಪತ್ರದಲ್ಲಿ ನೇರ ಪ್ರಶ್ನೆಗಳನ್ನೇ ಇಟ್ಟಿದ್ದೇನೆ: ಎಲ್ಲಿ ಓದಿದಿರಿ, ಎಷ್ಟು ವರ್ಷ? ನೋಂದಣಿ ಇದೆಯಾ? ಸೂಜಿ ಒಂದೇ ಸಲ ಬಳಸಿ ಬಿಸಾಡುವಂಥದ್ದಾ, ಪೊಟ್ಟಣ ನನ್ನ ಮುಂದೆ ಒಡೆಯುತ್ತೀರಾ? ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಬಸುರಿಯರು ಮೊದಲೇ ಹೇಳಿಬಿಡಬೇಕು. ಎದೆಯ ಮೇಲೆ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೇ ತಾಗಬಹುದು. ಕಲಿಕೆಯ ಮಾತು ಬರುವುದು ಅದಕ್ಕೇ.

ಆದರೂ ತಲೆಬರಹಕ್ಕೆ ಒಂದು ಪದ ಬೇಕಲ್ಲ. ‘ಕಲಿತು ಪಳಗಿದವರು’ ಎಂದು ಬರೆದೆ. ಸಂಘದವರು ಓದಿ, “ದುಬಾರೆ ಆನೆ ನೆನಪಾಗ್ತದೆ” ಅಂದರು. ಆನೆ ನೆನಪಾಗದ ಪದ ನಿಮ್ಮಲ್ಲಿ ಯಾರ ಬಳಿಯಾದರೂ ಇದೆಯಾ? ಕೈಲ್ ಪೊಳ್ದ್ ಹಬ್ಬಕ್ಕೆ ಮೊದಲು ಅಚ್ಚಿಗೆ ಕೊಡಬೇಕು.