ಟಿಬಿ ಪರೀಕ್ಷೆ ಎಷ್ಟು ದೂರ ಅಂತ ಅಳೆಯುವುದು ಹೇಗೆ? ಐದು ಕಿ.ಮೀ. ವೃತ್ತ ಸಾಕಾ?

ನಕ್ಷೆ_ವಿದ್ಯಾರ್ಥಿ:
ಟಿಬಿ ಪರೀಕ್ಷೆ, ಚಿಕಿತ್ಸೆ ಸಿಗುವ ಕೇಂದ್ರಗಳ ನಕ್ಷೆ ಮಾಡುತ್ತಿದ್ದೇನೆ. ಒಂದೊಂದರ ಸುತ್ತ ಐದು ಕಿ.ಮೀ. ವೃತ್ತ ಎಳೆದೆ. ಹೆಚ್ಚಿನ ಜನ ಒಳಗೇ ಬರುತ್ತಾರೆ. ಹೊರಗುಳಿದ ಊರುಗಳಲ್ಲಿ ಕೇಸುಗಳೂ ಕಡಿಮೆ. ಅಲ್ಲಿ ರೋಗವೇ ಕಡಿಮೆ ಅಂತ ಬರೆಯಬಹುದಾ? ಹೊಸ ಮಷೀನ್ ಎಲ್ಲಿಡಬೇಕು ಅಂತಲೂ ಹೇಳಬೇಕಿದೆ.

ಕಫದ_ಡಬ್ಬಿ:
ನಾನು ಟಿಬಿ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ದಯವಿಟ್ಟು ಹಾಗೆ ಬರೆಯಬೇಡಿ. ಪರೀಕ್ಷೆಯೇ ಆಗದ ಕಡೆ ಕೇಸು ಎಲ್ಲಿಂದ ಬರಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಟಿಬಿ ಬಂದವರು ಸುಮಾರು 1 ಕೋಟಿ 8 ಲಕ್ಷ. ಹೊಸದಾಗಿ ಪತ್ತೆಯಾಗಿ ಲೆಕ್ಕಕ್ಕೆ ಸಿಕ್ಕವರು 82 ಲಕ್ಷ. ಕೇಸುಗಳ ಪಕ್ಕದಲ್ಲೇ ಎಷ್ಟು ಜನರ ಕಫ ಪರೀಕ್ಷೆ ಆಗಿದೆ ಅಂತ ನೋಡಿ. ಪರೀಕ್ಷೆ ಕಡಿಮೆ, ಅದರಲ್ಲಿ ಪಾಸಿಟಿವ್ ಜಾಸ್ತಿ ಇದ್ದರೆ, ರೋಗ ಬಲಿತ ಮೇಲಷ್ಟೇ ಜನ ಬರುತ್ತಿದ್ದಾರೆ ಅಂತ ಅನುಮಾನ ಪಡಬೇಕು.

ಎಲ್ಲ ಕೇಂದ್ರಕ್ಕೂ ಒಂದೇ ಬಣ್ಣ ಹಾಕಿದ್ದೀರಾ? ಮೈಕ್ರೋಸ್ಕೋಪ್ ಇರುವ ಕಡೆ ಒಂದು ಮಿ.ಲೀ. ಕಫದಲ್ಲಿ 5,000ದಿಂದ 10,000 ಬ್ಯಾಕ್ಟೀರಿಯಾ ಇದ್ದರೆ ಮಾತ್ರ ಕಣ್ಣಿಗೆ ಬೀಳುತ್ತವೆ. ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಮಷೀನ್ ಅದಕ್ಕಿಂತ ಎಷ್ಟೋ ಕಡಿಮೆ ಇದ್ದರೂ ಹಿಡಿಯುತ್ತದೆ. ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗದ ಟಿಬಿಯಾ ಅಂತಲೂ ಸುಮಾರು ಎರಡು ಗಂಟೆಯಲ್ಲಿ ಹೇಳುತ್ತದೆ. ಆದರೆ ಅದಕ್ಕೆ ಕರೆಂಟ್ ಸರಿಯಾಗಿರಬೇಕು, ಕೋಣೆ 30 ಡಿಗ್ರಿ ದಾಟಬಾರದು. ಕರೆಂಟ್ ಕೈಕೊಟ್ಟ ದಿನ ನಿಮ್ಮ ನಕ್ಷೆಯ ಚುಕ್ಕೆ ಸುಮ್ನೆ ಚುಕ್ಕೆ ಅಷ್ಟೇ.

ಒಂದು ಮಾತು ಬಲವಾಗಿ ಹೇಳುತ್ತೇನೆ. ಓಡಾಡಬೇಕಾದ್ದು ಕಫ, ರೋಗಿ ಅಲ್ಲ. ಕೆಮ್ಮಿ ಸುಸ್ತಾದವರನ್ನು ಪರೀಕ್ಷೆಗೊಮ್ಮೆ, ರಿಪೋರ್ಟಿಗೊಮ್ಮೆ, ಮಾತ್ರೆಗೊಮ್ಮೆ ಕರೆಸುವುದು ಯಾಕೆ? ಹತ್ತಿರದಲ್ಲೇ ಡಬ್ಬಿಗೆ ಕಫ ಪಡೆದು ಕಳಿಸಿದರಾಯಿತು. ಇದರಲ್ಲೂ ತಾಪತ್ರಯ ಇಲ್ಲದಿಲ್ಲ. ಮುಚ್ಚಳ ಓರೆಯಾಗಿ ತಿರುಗಿಸಿದ ಡಬ್ಬಿ ದಾರಿಯಲ್ಲೇ ಸೋರುತ್ತದೆ. ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದ ಹೆಸರು ಐಸ್ ಪ್ಯಾಕಿನ ನೀರಿಗೆ ಕರಗಿ ನೀಲಿ ಕಲೆ ಮಾತ್ರ ಉಳಿದಿರುತ್ತದೆ. ಹೆಸರನ್ನು ಡಬ್ಬಿಯ ಮೈಮೇಲೆ ಬರೆಯಿರಿ ಅಂತ ಹೇಳಿ ಹೇಳಿ ಸಾಕಾಗಿದೆ! ಇನ್ನು ಕೆಲವು ಡಬ್ಬಿಗಳಲ್ಲಿ ಬರೀ ಎಂಜಲು ಬರುತ್ತದೆ. ಆಳವಾಗಿ ಉಸಿರೆಳೆದು ಕೆಮ್ಮಿ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ.

ನಕ್ಷೆ_ವಿದ್ಯಾರ್ಥಿ:
ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದರೆ ಕಿಲೋಮೀಟರ್ ಬಿಟ್ಟು ಏನನ್ನು ಅಳೆಯಲಿ?

ದಾರಿ_ಲೆಕ್ಕ:
ಸಮಯ ಅಳೆಯಿರಿ. ನಡುವೆ ಸೇತುವೆ ಇಲ್ಲದ ಹೊಳೆ ಇದ್ದರೆ ಮೂರು ಕಿ.ಮೀ. ಕೂಡ ಅರ್ಧ ದಿನದ ದಾರಿ. ವಿಶ್ವ ಆರೋಗ್ಯ ಸಂಸ್ಥೆಯ ಆಕ್ಸೆಸ್‌ಮಾಡ್ ಉಚಿತ ಸಾಫ್ಟ್‌ವೇರ್. ರಸ್ತೆ, ಏರು, ಹೊಳೆ ಎಲ್ಲ ಕೊಟ್ಟರೆ ಪ್ರಯಾಣದ ಸಮಯ ಲೆಕ್ಕ ಹಾಕುತ್ತದೆ. ಕಫ ಒಯ್ಯುವ ಗಾಡಿ ಯಾವ ದಿನ ಬರುತ್ತದೆ ಅನ್ನುವುದನ್ನೂ ಸೇರಿಸಿ. ದಿನಾ ಗಾಡಿ ಬರುವ ದೂರದ ಊರಿಗೆ, ವಾರಕ್ಕೊಮ್ಮೆ ಬರುವ ಹತ್ತಿರದ ಊರಿಗಿಂತ ಬೇಗ ರಿಪೋರ್ಟ್ ಸಿಗಬಹುದು. ಕಫ ಕೊಟ್ಟ ದಿನದಿಂದ ಮೊದಲ ಮಾತ್ರೆ ನುಂಗುವ ದಿನದವರೆಗೆ ಎಷ್ಟು ದಿನ ಅಂತ ಸಿಕ್ಕರೆ ಅದೇ ಒಳ್ಳೆಯ ಅಳತೆ.

ಮಾತ್ರೆ_ಮುಗಿಸಿದವ:
ಟಿಬಿ ಬಂದು ಗುಣ ಆದವನು ನಾನು. ಹತ್ತಿರದ ಕೇಂದ್ರ ಬಿಟ್ಟು ಬೇಕಂತಲೇ ದೂರದ್ದಕ್ಕೆ ಹೋಗುತ್ತಿದ್ದೆ. ಸಾಲಿನಲ್ಲಿ ಪರಿಚಯದವರು ಕಂಡರೆ ಅನ್ನುವ ಅಂಜಿಕೆ. ಇದು ಯಾವ ಸಾಫ್ಟ್‌ವೇರಿಗೂ ಗೊತ್ತಾಗಲ್ಲ ಅಲ್ವಾ? ಸಾಮಾನ್ಯ ಟಿಬಿಗೂ ಮಾತ್ರೆ ಆರು ತಿಂಗಳು. ಎದುರಿಗೇ ನುಂಗಬೇಕು ಅಂತ ಮತ್ತೆ ಮತ್ತೆ ಕರೆಸಿದರೆ ಕೂಲಿಯವರು ಅರ್ಧಕ್ಕೇ ಬಿಡುತ್ತಾರೆ. ಮನೆಯಲ್ಲೇ ಮಾತ್ರೆ ತೆಗೆದುಕೊಂಡರೂ ಸ್ಯಾನಟೋರಿಯಂನಲ್ಲಿ, ಅಂದರೆ ಟಿಬಿ ಆಸ್ಪತ್ರೆಯಲ್ಲಿ, ಇದ್ದಷ್ಟೇ ಚೆನ್ನಾಗಿ ಗುಣವಾಗುತ್ತದೆ ಅಂತ ಮದ್ರಾಸಿನ ಅಧ್ಯಯನ 1959ರಲ್ಲೇ ತೋರಿಸಿತ್ತು.

ಕಫದ_ಡಬ್ಬಿ:
ಇವರು ಹೇಳಿದ್ದು ನಿಜ. ಹೊಸ ಮಷೀನ್ ಕೇಳುವ ಮೊದಲು, ಈಗಿರುವುದು ದಿನಕ್ಕೆ ಎಷ್ಟು ಪರೀಕ್ಷೆ ಮಾಡುತ್ತಿದೆ ಅಂತ ರಿಜಿಸ್ಟರ್ ತೆಗೆದು ನೋಡಿ. ಅರ್ಧ ದಿನ ಖಾಲಿ ಕೂತಿದ್ದರೆ ಆ ದುಡ್ಡಿಗೆ ಗಾಡಿ ಕೇಳಿ.