ಸ್ವಯಂಸೇವಕರು ನಡೆಸುವ ಹಳೆಯ ಚಾಪೆಲ್‌ಗೆ ನಾವೇನು ಮಾಡಬಹುದು?

ದಾರಿಹೋಕ ಕೇಳಿದ್ದು:

ಇತ್ತೀಚೆಗೆ ಒಂದು ಪುಟ್ಟ ಚಾಪೆಲ್, ಅಂದರೆ ಕ್ರೈಸ್ತರ ಕಿರು ಪ್ರಾರ್ಥನಾಲಯ, ನೋಡಿ ಬಂದೆವು. ನೂರಾರು ವರ್ಷ ಹಳೆಯದು, ನಲವತ್ತು ಜನ ಕುಳಿತರೆ ತುಂಬಿಹೋಗುವಷ್ಟು ಚಿಕ್ಕದು. ನಿತ್ಯದ ಆರಾಧನೆ ನಿಂತುಹೋಗಿದೆ. ಬಾಗಿಲು ತೆರೆಯುವುದು, ಗುಡಿಸುವುದು, ಬಂದವರಿಗೆ ವಿವರ ಹೇಳುವುದು ಎಲ್ಲವನ್ನೂ ಸುತ್ತಮುತ್ತಲಿನ ಕೆಲವು ಹಿರಿಯರು ಸಂಬಳವಿಲ್ಲದೆ ಮಾಡುತ್ತಿದ್ದಾರೆ. ಒಳಗೆ ಬಲಗಡೆಯ ಗೋಡೆಯಲ್ಲಿ ಮೊಣಕಾಲೆತ್ತರದವರೆಗೆ ಗಿಲಾವು ಉದುರಿ ಕಲ್ಲು ಕಾಣುತ್ತಿತ್ತು. ಅದನ್ನು ನೋಡಿದ ಮೇಲೆ ಸುಮ್ಮನಿರಲು ಮನಸ್ಸಾಗುತ್ತಿಲ್ಲ.

ನಮ್ಮ ಗೆಳೆಯರ ಗುಂಪು ಒಂದಿಷ್ಟು ಹಣ ಕೂಡಿಸಿ, ಒಂದು ವಾರಾಂತ್ಯ ಅಲ್ಲಿಯೇ ಇದ್ದು ಕೆಲಸ ಮಾಡಬೇಕೆಂದುಕೊಂಡಿದೆ. ಉದುರಿದ ಜಾಗಕ್ಕೆ ಸಿಮೆಂಟ್ ಹಾಕಿ ಗೋಡೆಗೆಲ್ಲ ಒಳ್ಳೆಯ ಬಣ್ಣ ಹೊಡೆಯುವುದು, ಕಪ್ಪಾಗಿರುವ ಹಿತ್ತಾಳೆಯ ಸ್ಮರಣಫಲಕಗಳನ್ನು ತಿಕ್ಕಿ ಹೊಳೆಯಿಸುವುದು ನಮ್ಮ ಯೋಚನೆ. ಇಂತಹ ಕೆಲಸ ತಿಳಿದವರು ಸಲಹೆ ಕೊಡಿ.

ಗಾರೆಯವ ಉತ್ತರಿಸಿದ್ದು:

ದಯವಿಟ್ಟು ಸಿಮೆಂಟ್ ಬೇಡ. ಉಳಿದದ್ದನ್ನೆಲ್ಲ ಆಮೇಲೆ ಮಾತಾಡೋಣ, ಇದೊಂದನ್ನು ಮೊದಲು ಕೇಳಿಸಿಕೊಳ್ಳಿ. ನಾನು ಗಾರೆ ಕೆಲಸ ಕಲಿತವನು, ಇಂಥದ್ದೇ ಒಂದು ಹಳೆಯ ಚಾಪೆಲ್‌ನ ಬೀಗದ ಕೈ ಇಟ್ಟುಕೊಂಡಿರುವವರಲ್ಲಿ ಒಬ್ಬ.

ಅಷ್ಟು ಹಳೆಯ ಗೋಡೆಯೆಂದರೆ ಬಹುಮಟ್ಟಿಗೆ ಸುಣ್ಣದ ಗಾರೆಯದ್ದೇ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಹಚ್ಚುತ್ತಾರೆ. ಆಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಕಲ್ಲಾದರೂ ಅದು ಮೆದು. ಅದರ ಸಣ್ಣ ಸಣ್ಣ ರಂಧ್ರಗಳಿಂದ ಗೋಡೆಯೊಳಗಿನ ತೇವ ಆವಿಯಾಗಿ ಹೋಗುತ್ತಿರುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಆ ದಾರಿ ಮುಚ್ಚಿತು. ತೇವ ಪಕ್ಕದ ಕಲ್ಲಿನಿಂದ ಹೊರಬರಲು ನೋಡುತ್ತದೆ, ನೀರಿನ ಜೊತೆ ಬಂದ ಉಪ್ಪು ಕಲ್ಲಿನ ಮೈಯಲ್ಲೇ ಹರಳುಗಟ್ಟಿ ಅದನ್ನು ಪದರಪದರವಾಗಿ ಎಬ್ಬಿಸುತ್ತದೆ. ಕೆಲವು ವರ್ಷಗಳಾದ ಮೇಲೆ ಹೋಗಿ ನೋಡಿದರೆ ಸಿಮೆಂಟ್ ಹಾಗೆಯೇ ನಿಂತಿರುತ್ತದೆ, ಅದರ ಸುತ್ತಲಿನ ಕಲ್ಲು ಬೆರಳು ತಾಗಿಸಿದರೆ ಹಿಟ್ಟಾಗಿ ಉದುರುತ್ತದೆ. ಆ ಕಲ್ಲನ್ನು ಕಡಿದು ನಯಮಾಡಿದ ಕೈಯನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಪ್ಲಾಸ್ಟಿಕ್ ಅಂಶವಿರುವ ಬಣ್ಣ ಮಾಡುವುದೂ ಇದೇ ಕೆಲಸವನ್ನು. ಅಲ್ಲಿಗೆ ಸುಣ್ಣದ ಗಾರೆ, ಅದರ ಮೇಲೆ ತೆಳುವಾಗಿ ಸುಣ್ಣದ ಬಳಿತ, ಇಷ್ಟೇ ಸಾಕು. ಬಲ್ಲವರ ಕೈಯಲ್ಲೇ ಮಾಡಿಸಬೇಕು. ಹಳೆಯ ಸುಣ್ಣದ ಪದರಗಳ ಅಡಿಯಲ್ಲಿ ಭಿತ್ತಿಚಿತ್ರ ಅಡಗಿರುವುದೂ ಉಂಟು, ಆದ್ದರಿಂದ ಕೆರೆಯುವ ಮಾತನ್ನೂ ಆಡಬೇಡಿ.

ಅದಕ್ಕೂ ಮೊದಲು ತೇವ ಎಲ್ಲಿಂದ ಬಂತೆಂದು ಹುಡುಕಬೇಕು. ಗಿಲಾವು ಉದುರಿದ ಜಾಗದ ಹೊರಮೈಗೆ ಹೋಗಿ ನಿಲ್ಲಿ. ಮಾಡಿನ ನೀರು ಇಳಿಯುವ ಕೊಳವೆ ಅಲ್ಲೇ ಇದೆಯೇ? ಗೋಡೆಯ ಮೇಲೆ ಹಸಿರು ಪಟ್ಟೆ ಮೂಡಿದೆಯೇ? ಮಳೆ ಹೊಯ್ಯುತ್ತಿರುವಾಗಲೇ ನೋಡಿದರೆ ಇನ್ನೂ ಒಳ್ಳೆಯದು, ನೀರು ತಾನೇ ತೋರಿಸಿಕೊಡುತ್ತದೆ. ಮಾಡಿನ ಅಂಚಿನಲ್ಲಿ ಮಳೆನೀರು ಹಿಡಿಯುವ ದೋಣಿಯಲ್ಲಿ ಎಲೆ ಕೊಳೆತು ಕಟ್ಟಿಕೊಂಡಿದ್ದರೆ ಮಾಡಿನ ಅರ್ಧ ಭಾಗದ ನೀರೆಲ್ಲ ಆ ಒಂದೇ ಜಾಗಕ್ಕೆ ಬೀಳುತ್ತಿರುತ್ತದೆ. ಹೊರಗೆ ಮಣ್ಣು ಏರಿ ಒಳಗಿನ ನೆಲಕ್ಕಿಂತ ಎತ್ತರವಾಗಿದ್ದರೂ ಹೀಗೆಯೇ ಆಗುತ್ತದೆ. ಇವೆರಡನ್ನು ಸರಿಪಡಿಸದೆ ಎಂಥ ಗಾರೆ ಹಚ್ಚಿದರೂ ನಿಲ್ಲುವುದಿಲ್ಲ.

ಹಿತ್ತಾಳೆಯನ್ನೂ ತಿಕ್ಕಬೇಡಿ. ಹೊಳಪಿನ ದ್ರವ ಪ್ರತಿ ಸಲವೂ ಲೋಹದ ಒಂದು ತೆಳುಪದರವನ್ನು ಎತ್ತಿಕೊಂಡು ಹೋಗುತ್ತದೆ, ಕೆತ್ತಿದ ಅಕ್ಷರದ ಅಂಚು ಸವೆಯುತ್ತದೆ. ಕೆಲವು ಹೆಸರುಗಳು ಈ ಲೋಕದಲ್ಲಿ ಉಳಿದಿರುವುದು ಆ ಫಲಕದಲ್ಲಿ ಮಾತ್ರ. ಕಪ್ಪಾಗಿದ್ದರೆ ಇರಲಿ, ಮೃದುವಾದ ಕುಂಚದಿಂದ ಧೂಳು ಕೊಡವಿದರೆ ಸಾಕು.

ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಅವರ ಗೆಳೆಯರು 1877ರಲ್ಲಿ ಇಂಗ್ಲೆಂಡಿನಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಸಂಘ ಕಟ್ಟಿದ್ದು ಇದೇ ಸಂಕಟದಿಂದ. ಜೀರ್ಣೋದ್ಧಾರದ ಹೆಸರಿನಲ್ಲಿ ಚರ್ಚುಗಳ ಗೋಡೆಗಳನ್ನು ಕೆರೆದು ಹೊಸದಾಗಿಸುತ್ತಿದ್ದ ಕಾಲ ಅದು. ದಿನದಿನದ ಆರೈಕೆಯಿಂದ ಶಿಥಿಲವಾಗುವುದನ್ನು ತಡೆಯಿರಿ ಎಂದು ಅವರು ತಮ್ಮ ಘೋಷಣಾಪತ್ರದಲ್ಲಿ ಕೇಳಿಕೊಂಡಿದ್ದರು. ದೋಣಿಯ ಎಲೆ ತೆಗೆಯುವ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಚಾಪೆಲ್ ನಿಂತಿರುವುದು ಮಾತ್ರ ಅದರಿಂದಲೇ.

ಸರದಿಪಟ್ಟಿ ಉತ್ತರಿಸಿದ್ದು:

ಮೇಲಿನವರು ಗೋಡೆಯ ವಿಷಯ ಹೇಳಿದ್ದಾರೆ, ನಾನು ಜನರ ವಿಷಯ ಹೇಳುತ್ತೇನೆ. ನಮ್ಮಲ್ಲಿ ಯಾವ ದಿನ ಯಾರು ಬಾಗಿಲು ತೆರೆಯಬೇಕೆಂದು ಪಟ್ಟಿ ಬರೆಯುವವಳು ನಾನು. ಹಣ ಕೊಡುವುದಾದರೆ ‘ಇಂಥದ್ದಕ್ಕೇ’ ಎಂದು ಕಟ್ಟುಹಾಕದೆ ಕೊಡಿ. ಹೊಸ ದೀಪಕ್ಕೆ, ಹೆಸರು ಕೆತ್ತಿದ ಬೆಂಚಿಗೆ ದಾನಿಗಳು ಸುಲಭವಾಗಿ ಸಿಗುತ್ತಾರೆ. ವಿಮೆಯ ಕಂತಿಗೆ, ವಿದ್ಯುತ್ ಬಿಲ್ಲಿಗೆ ಯಾರೂ ಸಿಗುವುದಿಲ್ಲ. ಭೇಟಿಯ ಪುಸ್ತಕದಲ್ಲಿ ಪ್ರತಿಯೊಬ್ಬರೂ ಬರೆಯಿರಿ, ಮಕ್ಕಳೂ ಬರೆಯಲಿ. ಅನುದಾನಕ್ಕೆ ಅರ್ಜಿ ಹಾಕುವಾಗ ಎಷ್ಟು ಜನ ಬರುತ್ತಾರೆ ಎಂಬ ಪ್ರಶ್ನೆಗೆ ನಮ್ಮ ಕೈಯಲ್ಲಿರುವ ಸಾಕ್ಷಿ ಆ ಪುಸ್ತಕವೊಂದೇ.

ಇದು ಆಗದ ಕೆಲಸವೇನಲ್ಲ. ಐವರ್ ಬಲ್ಮರ್-ಥಾಮಸ್ 1957ರಲ್ಲಿ ಆರಂಭಿಸಿದ ‘ಫ್ರೆಂಡ್ಸ್ ಆಫ್ ಫ್ರೆಂಡ್‌ಲೆಸ್ ಚರ್ಚಸ್’ ಎಂಬ ಸಣ್ಣ ಸಂಸ್ಥೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆರಾಧನೆ ನಿಂತುಹೋದ 60ಕ್ಕೂ ಹೆಚ್ಚು ಚರ್ಚುಗಳನ್ನು ಉಳಿಸಿಕೊಂಡಿದೆ. ಅಲ್ಲೂ ಊರಿನ ಸ್ವಯಂಸೇವಕರೇ ದೊಡ್ಡ ಆಸರೆ.

ದಾರಿಹೋಕ:

ಬಣ್ಣದ ಯೋಜನೆಯನ್ನು ಕೈಬಿಟ್ಟಿದ್ದೇವೆ, ಇಬ್ಬರಿಗೂ ಕೃತಜ್ಞತೆಗಳು. ನಾವಿರುವುದು ದೂರದಲ್ಲಿ, ಪದೇಪದೇ ಹೋಗಲಾಗದು. ಆ ವಾರಾಂತ್ಯವನ್ನು ಹೇಗೆ ಬಳಸಿಕೊಳ್ಳಲಿ? ಒಳಗೆ ಮುಗ್ಗಲು ವಾಸನೆಯಿತ್ತು; ಬಾಗಿಲುಗಳನ್ನೆಲ್ಲ ತೆರೆದಿಟ್ಟು ಗಾಳಿಯಾಡಿಸಿದರೆ ಆದೀತೇ?

ಗಾರೆಯವ:

ಯಾವ ದಿನ ತೆರೆಯುತ್ತೀರಿ ಎಂಬುದರ ಮೇಲಿದೆ. ತಣ್ಣಗಿನ ದಿನಗಳು ಕಳೆದು ಹಠಾತ್ತನೆ ಬೆಚ್ಚಗಿನ, ತೇವದ ಗಾಳಿ ಬೀಸಿದಾಗ ಬಾಗಿಲು ತೆರೆದರೆ ಆ ಗಾಳಿ ಇನ್ನೂ ತಣ್ಣಗಿರುವ ಗೋಡೆಗೆ ತಾಗಿ ನೀರಾಗಿ ಇಳಿಯುತ್ತದೆ. ಅಂಥ ದಿನ ಕಲ್ಲಿನ ನೆಲವೆಲ್ಲ ಬೆವರಿದ್ದನ್ನು ಕಂಡಿದ್ದೇನೆ. ಹೊರಗೆ ಒಣಹವೆ ಇರುವಾಗ ತೆರೆಯಿರಿ.

ವಾರಾಂತ್ಯಕ್ಕೆ ಹೋಗುವ ಮೊದಲು ಅಲ್ಲಿಯವರಿಗೆ ಫೋನ್ ಮಾಡಿ, ಅವರಿಗೆ ಯಾವುದು ಹೊರೆಯಾಗಿದೆ ಎಂದು ಕೇಳಿ. ಹಿರಿಯರು ಏಣಿ ಹತ್ತಲಾರರು. ಆದರೆ ನೀವೂ ಹತ್ತಬೇಡಿ, ದೋಣಿ ಶುಚಿ ಮಾಡುವ ಕಸುಬಿನವರಿಗೆ ಹಣ ಕೊಟ್ಟು ಮಾಡಿಸಿ. ವರ್ಷಕ್ಕೊಮ್ಮೆ ಇಷ್ಟನ್ನು ತಪ್ಪದೆ ಮಾಡಿಸಿದರೂ ದೊಡ್ಡ ಉಪಕಾರ. ಬುಡದಲ್ಲಿ ಏರಿದ ಮಣ್ಣನ್ನು ಮಾತ್ರ ಕೇಳದೆ ಅಗೆಯಬೇಡಿ, ಅಲ್ಲಿ ಹಳೆಯ ಸಮಾಧಿಗಳಿರಬಹುದು.

ನಿಮ್ಮ ಕೈಯಲ್ಲೇ ಆಗುವ ಕೆಲಸವೆಂದರೆ ಫೋಟೋ. ಪ್ರತಿ ಗೋಡೆಯದ್ದು, ಪ್ರತಿ ಬಿರುಕಿನದ್ದು, ಪಕ್ಕದಲ್ಲಿ ಒಂದು ಅಳತೆಪಟ್ಟಿ ಹಿಡಿದು ತೆಗೆಯಿರಿ. ಎಲ್ಲಿ ನಿಂತು ತೆಗೆದಿರಿ ಎಂದು ಬರೆದಿಡಿ, ಮುಂದಿನ ವರ್ಷ ಅಲ್ಲಿಯೇ ನಿಂತು ಇನ್ನೊಬ್ಬರು ತೆಗೆಯುವಂತಿರಲಿ. ಬಿರುಕು ಬೆಳೆಯುತ್ತಿದೆಯೇ, ಹಳೆಯದಾಗಿ ನಿಂತಿದೆಯೇ ಎಂಬುದು ಆಗಲೇ ತಿಳಿಯುವುದು. ಬೆಂಚುಗಳ ಕಾಲಿನ ಬಳಿಯೂ ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿ. ಸೂಜಿ ಚುಚ್ಚಿದಂಥ ತೂತುಗಳ ಕೆಳಗೆ ತಿಳಿಬಣ್ಣದ ಹೊಸ ಪುಡಿ ಬಿದ್ದಿದ್ದರೆ ಮರ ಕೊರೆಯುವ ಹುಳು ಇನ್ನೂ ಬದುಕಿರಬಹುದು. ಅದನ್ನು ಗುಡಿಸಿಬಿಡಬೇಡಿ, ಬೀಗದ ಕೈ ಇರುವವರಿಗೆ ತೋರಿಸಿ.

ಫೋಟೋಗಳ ಒಂದು ಪ್ರತಿಯನ್ನು ಅವರಿಗೆ ಕೊಟ್ಟು, ಅವರು ಒಪ್ಪಿದರೆ ಇಲ್ಲಿಯೂ ಹಾಕಿ. ಬಲಗಡೆಯ ಗೋಡೆಯ ಹೊರಮೈ ಮತ್ತು ನೀರಿನ ಕೊಳವೆಯ ಬುಡ ಇರಲೇಬೇಕು. ನೋಡಿ, ಯಾವ ಬಗೆಯ ಕೆಲಸದವರನ್ನು ಕರೆಯಬೇಕೆಂದು ಹೇಳುತ್ತೇನೆ.