ನಾಲ್ಕನೆಯ ಶನಿವಾರ ತಪ್ಪಿತು, ಮತ್ತೆ ಮೊದಲಿನಿಂದ ಆರಂಭಿಸಬೇಕೇ?

ಪ್ರಶ್ನೆ:
ಮಾತೆ ಮರಿಯಮ್ಮನವರ ನಿಷ್ಕಳಂಕ ಹೃದಯಕ್ಕೆ ಪರಿಹಾರವಾಗಿ ಸತತ ಐದು ತಿಂಗಳು ತಿಂಗಳ ಮೊದಲ ಶನಿವಾರಗಳನ್ನು ಆಚರಿಸುತ್ತೇನೆಂದು, ಅಂದರೆ ಚರ್ಚಿನ ಗುರುಗಳ ಬಳಿ ಪಾಪನಿವೇದನೆ ಮಾಡಿ, ಆ ದಿನ ಪರಮಪ್ರಸಾದ (ಬಲಿಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಕೊಡುವ ರೊಟ್ಟಿ) ಸ್ವೀಕರಿಸಿ ಜಪಸರ ಹೇಳುತ್ತೇನೆಂದು ಹರಕೆ ಹೊತ್ತಿದ್ದೆ. ಮೂರು ಸರಿಯಾಗಿ ನಡೆದವು. ನಾಲ್ಕನೆಯ ಶನಿವಾರ ಬೆಳಗಿನ ಜಾವವೇ ಅಮ್ಮನಿಗೆ ಉಸಿರು ಕಟ್ಟಿತು. ಇಡೀ ದಿನ ಆಸ್ಪತ್ರೆಯಲ್ಲಿ, ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕಳೆಯಿತು. ಜಪಸರ ಕೈಯಲ್ಲಿಯೇ ಇತ್ತು. ಆದರೆ ಹತ್ತು ಮಣಿ ಮುಗಿಯುವಷ್ಟರಲ್ಲಿ ಯಾರಾದರೂ ಕರೆಯುತ್ತಿದ್ದರು, ಎಲ್ಲಿ ನಿಲ್ಲಿಸಿದ್ದೆ ಎಂಬುದೇ ಮರೆತುಹೋಗುತ್ತಿತ್ತು. ಜಪಸರದ ಐದು ರಹಸ್ಯಗಳು (ಜಪಿಸುತ್ತಾ ಧ್ಯಾನಿಸುವ ಯೇಸು, ಮರಿಯಮ್ಮನವರ ಬದುಕಿನ ಘಟನೆಗಳು) ಮುಗಿದಾಗ ರಾತ್ರಿಯಾಗಿತ್ತು. ಬಲಿಪೂಜೆಗೆ ಹೋದದ್ದು ಮರುದಿನ, ಭಾನುವಾರ. ಪರಮಪ್ರಸಾದ ಸ್ವೀಕರಿಸಿದ್ದೂ ಅಂದೇ. ಪಾಪನಿವೇದನೆ ಮಾಡಿ ಆಗಲೇ ಹನ್ನೆರಡು ದಿನ ಕಳೆದಿತ್ತು. ಮಾತೆ ಮರಿಯಮ್ಮನವರಿಗೆ ಕೊಟ್ಟ ಮಾತು ತಪ್ಪಿದೆನೇ ಎಂದು ಮನಸ್ಸು ಕೊರೆಯುತ್ತಿದೆ.

ಉತ್ತರ 1:
ಐದೂ ಶನಿವಾರಗಳು ಸತತವಾಗಿರಬೇಕು. ಒಂದು ತಪ್ಪಿದರೆ ಮೊದಲಿನಿಂದ ಆರಂಭಿಸುವುದೇ ವಾಡಿಕೆ.

ಉತ್ತರ 2:
ಅಷ್ಟು ಬೇಗ ತೀರ್ಮಾನಿಸಬೇಡಿ. ನಾನು ಈ ಭಕ್ತಿಯನ್ನು ಇಪ್ಪತ್ತು ವರ್ಷಗಳಿಂದ ಪಾಲಿಸುತ್ತಿದ್ದೇನೆ, ನಿಮ್ಮ ಸಂಕಟ ನನಗೂ ಗೊತ್ತು. 1925ರ ಡಿಸೆಂಬರ್ 10ರಂದು ಸ್ಪೇನಿನ ಪೊಂಟೆವೆದ್ರಾದಲ್ಲಿ ಫಾತಿಮಾದಲ್ಲಿ ಮರಿಯಮ್ಮನವರ ದರ್ಶನ ಪಡೆದಿದ್ದ ಸಿಸ್ಟರ್ ಲೂಸಿಯಾ ಅವರಿಗೆ ಮರಿಯಮ್ಮನವರಿಂದ ಈ ಕೋರಿಕೆ ಬಂದಿತು. ಪಾಪನಿವೇದನೆಗೆ ಎಂಟು ದಿನಕ್ಕಿಂತ ಹೆಚ್ಚಾದರೆ ಹೇಗೆಂದು ಮುಂದಿನ ವರ್ಷ ಬಾಲ ಯೇಸುವಿನ ದರ್ಶನವಾದಾಗ ಅವರೇ ಕೇಳಿದ್ದಾರೆ. ಪರಮಪ್ರಸಾದ ಸ್ವೀಕರಿಸುವಾಗ ಕೃಪಾವಸ್ಥೆಯಲ್ಲಿದ್ದು (ಘೋರ ಪಾಪವಿಲ್ಲದೆ) ಪರಿಹಾರದ ಉದ್ದೇಶವಿದ್ದರೆ ಇನ್ನೂ ಹೆಚ್ಚು ದಿನಗಳಾದರೂ ಸರಿ ಎಂಬುದು ಅವರಿಗೆ ಸಿಕ್ಕ ಉತ್ತರ. ಹನ್ನೆರಡು ದಿನಕ್ಕೆ ಹೆದರಬೇಡಿ. ಶನಿವಾರ ಸಾಧ್ಯವಾಗದವರ ಮಾತೂ 1930ರಲ್ಲಿ ಬಂದಿದೆ: ತಕ್ಕ ಕಾರಣವಿದ್ದು ಗುರುಗಳು ಒಪ್ಪಿದರೆ ಮರುದಿನದ ಭಾನುವಾರವೂ ಸಲ್ಲುತ್ತದೆ. ನಡೆದದ್ದನ್ನು ನಿಮ್ಮ ಗುರುಗಳಿಗೆ ಹೇಳಿ, ಅವರು ಹೇಳಿದಂತೆ ನಡೆಯಿರಿ.

ಒಂದು ಮಾತು ಕೇಳಲೇ? ಜಪಸರವಲ್ಲದೆ, ರಹಸ್ಯಗಳನ್ನು ಧ್ಯಾನಿಸುತ್ತಾ ಮರಿಯಮ್ಮನವರ ಜೊತೆ ಇರಬೇಕಾದ ಹದಿನೈದು ನಿಮಿಷಗಳನ್ನು ಎಲ್ಲಿ ಕಳೆದಿರಿ? ಹೆಚ್ಚಿನವರು ಮರೆಯುವುದು ಅದನ್ನೇ. ನಾನು ಆ ಹೊತ್ತಿಗೆ ಗಡಿಯಾರವನ್ನು ಮಗುಚಿಟ್ಟು ಒಂದೇ ರಹಸ್ಯವನ್ನು ಹಿಡಿದು ಕೂರುತ್ತೇನೆ. ಕಳೆದ ತಿಂಗಳು ದೇವಾಲಯದಲ್ಲಿ ಬಾಲ ಯೇಸು ಸಿಕ್ಕಿದ ರಹಸ್ಯ. ಮೂರು ದಿನ ಮಗನನ್ನು ಹುಡುಕಿ ಬಂದ ಆ ತಾಯಿಯ ಕಾಲುಗಳು ಎಷ್ಟು ನೊಂದಿದ್ದವೋ! ಅದರಾಚೆಗೆ ನನ್ನ ಮನಸ್ಸು ಹೋಗಲೇ ಇಲ್ಲ. ಆಕೆಯ ಹೃದಯವನ್ನು ಮುಳ್ಳುಗಳು ಸುತ್ತಿವೆ, ಕೀಳುವವರಿಲ್ಲ ಎಂಬುದೇ ಅಲ್ಲವೇ ಪೊಂಟೆವೆದ್ರಾದ ಅಳಲು?

ಪ್ರಶ್ನೆ ಕೇಳಿದವರು:
ಆ ರಾತ್ರಿ ಜಪಸರ ಮುಗಿದ ಮೇಲೆ ಅಮ್ಮನ ಉಸಿರನ್ನು ಕೇಳುತ್ತಾ ಕುಳಿತಿದ್ದೆ. ಶಿಲುಬೆಯ ಬುಡದಲ್ಲಿ ನಿಂತ ತಾಯಿಯ ನೆನಪೊಂದೇ ಇತ್ತು. ಎಷ್ಟು ನಿಮಿಷವಾಯಿತೋ ನೋಡಲಿಲ್ಲ. ಇಂದು ಗುರುಗಳಿಗೆ ಎಲ್ಲವನ್ನೂ ಹೇಳಿದೆ. ಭಾನುವಾರ ಸಲ್ಲುತ್ತದೆ, ಐದನೆಯದನ್ನು ಮುಂದುವರಿಸು ಎಂದರು. ಅಷ್ಟರಲ್ಲಿ ಅಮ್ಮ ಮನೆಗೆ ಬರದಿದ್ದರೆ ಇಬ್ಬರಿಗೂ ಆಸ್ಪತ್ರೆಗೇ ಪರಮಪ್ರಸಾದ ತರುತ್ತಾರಂತೆ. ಸಂಜೆ ಅಮ್ಮ ತಾನಾಗಿಯೇ ಜಪಸರ ಕೇಳಿದಳು. ಸೂಜಿ ಚುಚ್ಚಿದ ಕೈ ಊದಿಕೊಂಡಿದೆ, ಬೆರಳು ಮಡಚಲಾಗುವುದಿಲ್ಲ. ಅವಳು ‘ನಮೋ ಮರಿಯಾ’ ಹೇಳಿದಂತೆಲ್ಲ ನಾನು ಅವಳ ಅಂಗೈಯಲ್ಲಿ ಒಂದೊಂದೇ ಮಣಿ ಸರಿಸಿದೆ.